ಜಾಮೀನು ಸಿಕ್ಕ ನಾಯಕ

ಜೈಲಿನಲ್ಲಿ ನಾಟಕ ಮಾಡಿಸುವವರಿಗೆ ಒಂದು ವಿಚಿತ್ರ ಸಂಕಟ ಎದುರಾಗಬಹುದು. ಪ್ರದರ್ಶನಕ್ಕೆ ವಾರವಿರುವಾಗ ಮುಖ್ಯ ಪಾತ್ರಧಾರಿಗೆ ಜಾಮೀನು ಸಿಕ್ಕಿಬಿಟ್ಟರೆ? ಖುಷಿಪಡಬೇಕು, ಪಡಲೇಬೇಕು. ಆಮೇಲೆ ಪಾತ್ರಕ್ಕೆ ಇನ್ನೊಬ್ಬನನ್ನು ಹುಡುಕಬೇಕು!

ರಂಗಾಯಣ ನಾಟಕ ಸಂಸ್ಥೆಯ ಹುಲುಗಪ್ಪ ಕಟ್ಟೀಮನಿ ಅವರು ಮೈಸೂರು ಜೈಲಿನ ಕೈದಿಗಳಿಂದ ಗಿರೀಶ ಕಾರ್ನಾಡರ ‘ತಲೆದಂಡ’ ಆಡಿಸಿದರು, ‘ಮ್ಯಾಕ್‌ಬೆತ್’ ಆಧರಿಸಿದ ‘ಮಾರನಾಯಕ’ವನ್ನೂ ಆಡಿಸಿದರು. ಕೊಲೆ ಮಾಡಿದವನ ನಿದ್ದೆಗೆಟ್ಟ ಮನಸ್ಸಿನ ನಾಟಕವನ್ನು ಆ ಗೋಡೆಗಳೊಳಗೆ ತಾಲೀಮು ಮಾಡಿಸುವುದು ಹುಡುಗಾಟವಲ್ಲ. ‘ಏನು ಮಾಡಿ ಒಳಗೆ ಬಂದೆ’ ಎಂದು ಕೇಳಬಾರದು. ತಾನಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳಬೇಕು, ಆದರೆ ಅದನ್ನು ರಂಗದ ಮೇಲೆ ಎಳೆದು ಚಪ್ಪಾಳೆ ಗಿಟ್ಟಿಸಬಾರದು. ಮನೆಯಿಂದ ಯಾರೂ ಭೇಟಿಗೆ ಬರಲಿಲ್ಲವೆಂದು ಮುಖ ತಿರುಗಿಸಿ ಕೂತವನನ್ನು ಅವತ್ತಿನ ಮಟ್ಟಿಗೆ ಬಿಟ್ಟುಬಿಡಬೇಕು. ಜೊತೆಗೆ ಅಧಿಕಾರಿಗಳ ಅನುಮತಿ, ಬೀಗ ಹಾಕುವ ಹೊತ್ತು ಎಲ್ಲವನ್ನೂ ನೋಡಿಕೊಳ್ಳಬೇಕು.

ಇದಕ್ಕೆಲ್ಲ ಬರೀ ನಟನೆಯ ತರಬೇತಿ ಸಾಲದು. ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ 1980ರಿಂದ, ರಂಗಾಯಣದಲ್ಲಿ 1989ರಿಂದ ಎಷ್ಟೋ ನಟರು ಪಳಗಿದ್ದಾರೆ. ಧ್ವನಿ, ನಡಿಗೆ, ಬೆಳಕು ಎಲ್ಲ ಕಲಿತು ಬಂದವರೂ ಜೈಲಿನಲ್ಲೋ ಬಾಲಮಂದಿರದಲ್ಲೋ ವೃದ್ಧಾಶ್ರಮದಲ್ಲೋ ಮೊದಲ ದಿನ ತಬ್ಬಿಬ್ಬಾಗಬಹುದು. ಇಂಥಲ್ಲಿ ಪಳಗಿದ ಒಬ್ಬರ ಬೆನ್ನ ಹಿಂದೆ ಕೆಲವು ತಿಂಗಳು ಸಹಾಯಕರಾಗಿ ಓಡಾಡುವುದೇ ಒಳ್ಳೆಯ ತರಬೇತಿ ಅಂತ ನನಗನಿಸುತ್ತದೆ. ಆ ತಿಂಗಳುಗಳಿಗೆ ಸಂಬಳವೂ ಇರಲಿ, ಬಸ್ ಚಾರ್ಜ್ ಮಾತ್ರ ಅಲ್ಲ.