ಸೈಗಾನಿನ ಬೀದಿಯ ಬ್ರೆಡ್ಡು

ಬೆಳಗಿನ ಆರು ಗಂಟೆಯ ಹೊತ್ತಿಗೇ ಹೊ ಚಿ ಮಿನ್ ನಗರದ ಬೀದಿಗಳಲ್ಲಿ ಮೋಟಾರು ಸೈಕಲ್ಲುಗಳ ಹೊಳೆ ಹರಿಯತೊಡಗುತ್ತದೆ. ೧೯೭೬ರಲ್ಲಿ ನಗರಕ್ಕೆ ಈ ಹೊಸ ಹೆಸರು ಬಂದಿತಾದರೂ ಊರವರ ಬಾಯಲ್ಲಿ ಅದು ಇನ್ನೂ ಸೈಗಾನೇ. ಬೀದಿಯಂಚಿನಲ್ಲಿ ಗಾಜಿನ ಪೆಟ್ಟಿಗೆಯನ್ನು ಹೊತ್ತ ಕೈಗಾಡಿಯೊಂದು. ಅದರ ಹಿಂದೆ ಒಬ್ಬ ಹೆಂಗಸು. ಕಚೇರಿಗೆ ಹೊರಟ ಗುಮಾಸ್ತನೊಬ್ಬ ವಾಹನದಿಂದ ಕೆಳಗಿಳಿಯದೆಯೇ ಬೆರಳೊಂದನ್ನು ಎತ್ತಿ ತೋರುತ್ತಾನೆ. ಗೇಣುದ್ದದ ಬ್ರೆಡ್ಡನ್ನು ಆಕೆ ಸೀಳಿ, ಹೂರಣವನ್ನು ತುಂಬಿ, ಕಾಗದದಲ್ಲಿ ಸುತ್ತಿ ಅವನ ಕೈಗಿಡುವುದಕ್ಕೆ ಹೆಚ್ಚು ಹೊತ್ತು ಹಿಡಿಯದು. ಇದೇ ವಿಯಟ್ನಾಮಿನ ‘ಬಾನ್ ಮೀ’.

ಅನ್ನವೇ ಜೀವವಾದ ನಾಡು ಅದು; ಬ್ರೆಡ್ಡಿಗೆ ಬೇಕಾದ ಗೋಧಿ ಹೊರನಾಡುಗಳಿಂದ ಬರಬೇಕು. ೧೮೫೯ರಲ್ಲಿ ಸೈಗಾನನ್ನು ಹಿಡಿದ ಫ್ರೆಂಚರೊಡನೆ ಬ್ರೆಡ್ಡೂ ಬಂದಿತು. ಬೆಣ್ಣೆ, ಮಾಂಸದ ಹೋಳುಗಳೊಡನೆ ಮೇಜಿನ ಮುಂದೆ ಕುಳಿತು ತಿನ್ನುವ ಆ ಊಟ ದೊರೆಗಳದು, ದೊರೆಗಳ ಆಸುಪಾಸಿನ ಸಿರಿವಂತರದು. ಜನರು ಅದನ್ನು ‘ಬಾನ್ ತೈ’, ಎಂದರೆ ಪಶ್ಚಿಮದವರ ತಿಂಡಿ, ಎಂದು ಕರೆದರು. ಕಾಲಕ್ರಮದಲ್ಲಿ ಆ ಹೆಸರು ಹಿಂದೆ ಸರಿದು ‘ಬಾನ್ ಮೀ’, ಗೋಧಿಯ ತಿಂಡಿ, ಎಂಬುದೇ ನಿಂತಿತು. ಹೆಸರಿನಿಂದ ಪಶ್ಚಿಮ ಕಳಚಿಬಿದ್ದ ಕತೆಯೇ ಈ ತಿಂಡಿಯ ಕತೆ.

೧೯೫೪ರ ಜಿನೀವಾ ಒಪ್ಪಂದದಿಂದ ನಾಡು ಎರಡಾದಾಗ ಉತ್ತರದಿಂದ ಎಂಟು ಲಕ್ಷಕ್ಕೂ ಮಿಕ್ಕಿದ ಜನರು ಮನೆಮಠಗಳನ್ನು ತೊರೆದು ದಕ್ಷಿಣಕ್ಕೆ ಬಂದರು. ಉತ್ತರದಿಂದ ಬಂದ ದಂಪತಿಗಳು ೧೯೫೮ರಲ್ಲಿ ಸೈಗಾನಿನಲ್ಲಿ ‘ಹ್ವಾ ಮಾ’ ಎಂಬ ಅಂಗಡಿಯನ್ನು ತೆರೆದರು. ಹನೋಯ್ ಕಡೆಯ ಹಳ್ಳಿಯೊಂದರ ಹೆಸರದು. ಮುಂಜಾನೆ ಬರುವ ಕೆಲಸಗಾರರಿಗೂ ವಿದ್ಯಾರ್ಥಿಗಳಿಗೂ ಕುಳಿತು ತಿನ್ನುವಷ್ಟು ವ್ಯವಧಾನವೆಲ್ಲಿ? ಆದುದರಿಂದ ತಟ್ಟೆಯಲ್ಲಿ ಬಡಿಸುತ್ತಿದ್ದುದನ್ನೆಲ್ಲ ಬ್ರೆಡ್ಡಿನೊಳಗೇ ತುಂಬಿ ಕೈಗೆ ಕೊಟ್ಟರು. ಈ ರೂಪಕ್ಕೆ ಮೊದಲಿಗರು ಇವರೇ ಎಂದು ಊರು ಹೇಳುತ್ತದೆ. ಮುಂದೆ ಈ ಅಂಗಡಿ ಕಾವ್ ಥಾಂಗ್ ಬೀದಿಯಲ್ಲಿ ನೆಲೆನಿಂತಿತು. ಬೆಳಗಿನ ವ್ಯಾಪಾರ ಮುಗಿಯಿತೆಂದರೆ ಅಲ್ಲಿ ಬಾಗಿಲು ಹಾಕುವುದು ವಾಡಿಕೆ.

ಒಳ್ಳೆಯ ಬಾನ್ ಮೀಯನ್ನು ಹುಡುಕಿ ಹೊರಟ ಪ್ರವಾಸಿ ನಾಮಫಲಕಕ್ಕಿಂತ ಗಡಿಯಾರವನ್ನು ನಂಬುವುದು ಲೇಸು. ಒಲೆಯಿಂದಿಳಿದ ಕೆಲವೇ ಗಂಟೆಗಳಲ್ಲಿ ಅಲ್ಲಿನ ತೇವದ ಗಾಳಿಗೆ ಬ್ರೆಡ್ಡಿನ ತೆಳ್ಳನೆಯ ಹೊರಪದರ ಮೆತ್ತಗಾಗಿಬಿಡುತ್ತದೆ. ಬೆರಳಿನಿಂದ ಒತ್ತಿದರೆ ಅದು ಹಪ್ಪಳದಂತೆ ಸದ್ದು ಮಾಡಬೇಕು. ಒಳಗೆ ಅರಳೆಯಂತೆ ಹಗುರವಾಗಿರಬೇಕು. ಕೆಂಡದ ಮೇಲೆ ಬಿಸಿಮಾಡಿ ಕೊಡುವ ಗಾಡಿಯಾದರೆ ಮತ್ತೂ ಒಳ್ಳೆಯದು. ಕೊಳ್ಳುವವರು ಒಬ್ಬರ ಹಿಂದೊಬ್ಬರು ಬರುತ್ತಿರುವೆಡೆ ಬ್ರೆಡ್ಡು ತಂಗಳಾಗಲು ಅವಕಾಶವೇ ಇಲ್ಲ. ಇನ್ನು ಹೂರಣ: ಯಕೃತ್ತನ್ನು ನುಣ್ಣಗೆ ಅರೆದು ಮಾಡಿದ ‘ಪಾತೆ’, ಹಂದಿಮಾಂಸದ ಹೋಳುಗಳು, ಸಿಹಿಹುಳಿಯಲ್ಲಿ ನೆನೆದ ಗಜ್ಜರಿ ಮೂಲಂಗಿಗಳ ಎಳೆಗಳು, ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಮೆಣಸಿನಕಾಯಿ. ಹುಳಿ ಕಡಮೆಯಾದರೆ ಜಿಡ್ಡು ಗೆಲ್ಲುತ್ತದೆ; ಹೂರಣ ಅತಿಯಾದರೆ ಬ್ರೆಡ್ಡು ಸೋಲುತ್ತದೆ.

ಸಸ್ಯಾಹಾರಿಗಳು ನಿರಾಶರಾಗಬೇಕಾಗಿಲ್ಲ. ‘ಬಾನ್ ಮೀ ಚಯ್’ ಎಂದು ಕೇಳಿದರೆ ಬರುವುದು ಚಹವಲ್ಲ. ಮಾಂಸ ಬೆರೆಯದ ವ್ರತದ ಆಹಾರಕ್ಕೆ ಅವರಿಟ್ಟ ಹೆಸರು ‘ಚಯ್’. ಚಾಂದ್ರಮಾನದ ತಿಂಗಳ ಮೊದಲನೆಯ ಹಾಗೂ ಹದಿನೈದನೆಯ ದಿನಗಳಲ್ಲಿ ಬೌದ್ಧರನೇಕರು ಮಾಂಸವನ್ನು ಮುಟ್ಟರು. ನಿಷ್ಠಾವಂತರು ಈರುಳ್ಳಿ ಬೆಳ್ಳುಳ್ಳಿಗಳನ್ನೂ ವರ್ಜಿಸುವರು. ಅವರಿಗಾಗಿ ಸೋಯಾ ಹಾಲನ್ನು ಒಡೆಸಿ ಮಾಡಿದ ತೋಫುವನ್ನೂ ಅಣಬೆಯನ್ನೂ ತುಂಬಿದ ಬ್ರೆಡ್ಡು ಸಿಗುತ್ತದೆ. ಆದರೆ ಸಾಮಾನ್ಯ ಗಾಡಿಗಳಲ್ಲಿ ಬೆಣ್ಣೆಯಂತೆ ಕಾಣುವ ಹಳದಿ ಲೇಪಕ್ಕೆ ಮೊಟ್ಟೆ ಬೆರೆತಿರುವುದುಂಟು. ಕೇಳಿಯೇ ಕೊಳ್ಳುವುದು ಕ್ಷೇಮ.

೧೯೭೫ರ ಏಪ್ರಿಲ್ ೩೦ರಂದು ಸೈಗಾನ್ ಉತ್ತರದ ಸೇನೆಯ ವಶವಾಯಿತು. ಮತ್ತೊಮ್ಮೆ ಜನರು ಮನೆ ಬಿಟ್ಟರು. ಈ ಬಾರಿ ಸಮುದ್ರವನ್ನೇ ದಾಟಿದರು. ಪ್ಯಾರಿಸ್, ಸಿಡ್ನಿ, ಕ್ಯಾಲಿಫೋರ್ನಿಯಗಳಲ್ಲಿ ಅವರ ಅಂಗಡಿಗಳು ಎದ್ದವು. ೨೦೧೧ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಬಾನ್ ಮೀ’ ಎಂಬ ಮಾತನ್ನು ತನ್ನೊಳಗೆ ಸೇರಿಸಿಕೊಂಡಿತು. ಯಾರ ಬ್ರೆಡ್ಡನ್ನು ಸೈಗಾನಿನವರು ಪಶ್ಚಿಮದವರ ತಿಂಡಿಯೆಂದು ಕರೆದಿದ್ದರೋ ಅದೇ ಫ್ರೆಂಚರು ಇಂದು ಪ್ಯಾರಿಸ್ಸಿನಲ್ಲಿ ಅದನ್ನು ವಿಯಟ್ನಾಮಿನವರ ತಿಂಡಿಯೆಂದು ಕೊಂಡು ತಿನ್ನುತ್ತಾರೆ.