ಕಣ್ಣು ಕಾಣುವಷ್ಟು ದೂರ

ಬಸವೇಶ್ವರನಗರದ ಮನೆಯೊಂದರ ಮೊಮ್ಮಗನಿಗೆ ಬಿಲ್ಲುವಿದ್ಯೆಯ ಹುಚ್ಚು ಹಿಡಿದು ವರ್ಷವಾಗಿತ್ತು. ಒಲಿಂಪಿಕ್ಸಿನ ದೂರವಾದ 70 ಮೀಟರು ಸದಾ ಅವನ ಬಾಯಲ್ಲಿ. “ಅಷ್ಟು ದೂರದಿಂದ ಜಿಂಕೆ ಹೊಡೆಯಬಹುದೇ, ಅಜ್ಜ?” ಎಂದು ಒಂದು ಸಂಜೆ ಕೇಳಿದ.

1972ರ ಕಾಯಿದೆಯಿಂದ ಬೇಟೆ ನಿಂತಿತೆಂದು ಹೇಳಿ ಹುಡುಗನ ಬಾಯಿ ಮುಚ್ಚಿಸಬಹುದಿತ್ತು. ಮಲೆನಾಡಿನ ಆ ವೃದ್ಧರು ಹಾಗೆ ಮಾಡಲಿಲ್ಲ.

“ನಿನ್ನ ಬಾಣ ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು?”

“ಒಂದು ಸೆಕೆಂಡಿಗಿಂತ ತುಸು ಹೆಚ್ಚು.”

“ಹೆದೆಯ ಸದ್ದು?”

ಹುಡುಗ ಲೆಕ್ಕ ಹಾಕಿದ: ಸೆಕೆಂಡಿನ ಐದನೆಯ ಒಂದು ಭಾಗ.

“ಸದ್ದು ಕೇಳಿದ ಜಿಂಕೆ ಬಾಣ ಬರುವ ತನಕ ಕಾದು ನಿಂತೀತೇ, ಮಗೂ? ಎದೆಗಿಟ್ಟ ಗುರಿ ಹೊಟ್ಟೆಗೆ ತಗಲುತ್ತದೆ.”

ಸದ್ದನ್ನೇ ನಂಬಿ ಬಾಣ ಬಿಟ್ಟ ದಶರಥನ ಕಥೆ ಬಲ್ಲವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಯೌವನದಲ್ಲಿ ಅಜ್ಜನೂ ಮಬ್ಬುಗತ್ತಲಲ್ಲಿ ದೂರದ ಕಡವೆಯೊಂದಕ್ಕೆ ಕೋವಿ ಹಾರಿಸಿದ್ದರು. ನೆತ್ತರ ಜಾಡು ಹಿಡಿದು ಮರುದಿನ ನಡುಹಗಲವರೆಗೆ ಅಲೆದರೂ ಅದು ಸಿಕ್ಕಲಿಲ್ಲ. ಆಮೇಲೆ, ಪ್ರಾಣಿಯ ಕಣ್ಣು ತಮಗೆ ಕಾಣದಷ್ಟು ದೂರದಿಂದ ಅವರು ಗುಂಡು ಹೊಡೆದದ್ದಿಲ್ಲ.

ಮರುದಿನ ಅಭ್ಯಾಸದ ಮೈದಾನದಲ್ಲಿ ಹುಡುಗ ಊಟದ ತಟ್ಟೆಯಗಲದ ಕಾಗದವೊಂದನ್ನು ಗುರಿಹಲಗೆಗೆ ಅಂಟಿಸಿದ. 30 ಮೀಟರಿನಿಂದ 10 ಬಾಣಗಳಲ್ಲಿ 7 ನಾಟಿದವು. 20 ಮೀಟರಿನಿಂದ 9. ಇನ್ನೂ ಐದು ಹೆಜ್ಜೆ ಮುಂದೆ ಬಂದು ನಿಂತ.