ಎಡಕ್ಕೊಂದು ಮುಳ್ಳು, ಬಲಕ್ಕೊಂದು ಮುಳ್ಳು

ಅಮೆರಿಕದಲ್ಲಿ ಪಿಕಪ್ ಟ್ರಕ್ ಇಟ್ಟುಕೊಂಡವರಿಗೆ ಶುಕ್ರವಾರ ಸಂಜೆಯ ಹೊತ್ತಿಗೆ ಫೋನು ಬರುವುದು ಸಹಜ. ಮನೆ ಬದಲಿಸುವವರು, ಹಳೇ ಸೋಫಾ ಕೊಂಡವರು, ಕನ್ನಡ ಕೂಟದ ರಾಜ್ಯೋತ್ಸವದ ಊಟಕ್ಕೆ ದೊಡ್ಡ ಪಾತ್ರೆಗಳನ್ನು ಸಾಗಿಸಬೇಕಾದವರು, ಎಲ್ಲರಿಗೂ ನನ್ನ ನೆನಪಾಗುತ್ತದೆ. ನನಗದು ಸಂತೋಷದ ಸಂಗತಿ. ಗಾಡಿ ಇರುವುದೇ ಹೊರುವುದಕ್ಕೆ. ಆದರೆ ಹೊರೆ ಹೆಚ್ಚಾದಾಗ ಗಾಡಿ ಪಡುವ ಪಾಡನ್ನು ನೋಡಿದ ಮೇಲೆ ಅದರ ಬೆನ್ನಿಗೊಂದು ಆಸರೆ ಬೇಕೆನಿಸಿತು.

ಪಿಕಪ್ಪಿನ ಹಿಂಬದಿಗೆ ಭಾರ ಬಿದ್ದರೆ ಕಮಾನು ಪಟ್ಟಿ ಬಗ್ಗಿ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಚಕ್ರಗಳ ಮೇಲೆ ತೂಕ ಕಡಿಮೆಯಾಗಿ ಸ್ಟೇರಿಂಗು ಹಗುರವಾಗುತ್ತದೆ. ಇದಕ್ಕೆ ಇಲ್ಲಿನವರು ಕಂಡುಕೊಂಡಿರುವ ಉಪಾಯ ಏರ್ ಬ್ಯಾಗು. ಆಕ್ಸಲ್ಲಿಗೂ ಚಾಸಿಗೂ ನಡುವೆ ಎಡಕ್ಕೊಂದು, ಬಲಕ್ಕೊಂದು ದಪ್ಪ ರಬ್ಬರಿನ ಚೀಲ ಕೂರಿಸಿ ಗಾಳಿ ತುಂಬುತ್ತಾರೆ. ಸಾಮಾನ್ಯವಾಗಿ ಖಾಲಿ ಗಾಡಿಗೆ ಕನಿಷ್ಠ 5 ಪಿಎಸ್‌ಐ, ತುಂಬು ಹೊರೆಗೆ ಹೆಚ್ಚೆಂದರೆ 100. ಗಾಡಿ ಸಮನಾಗಿ ನಿಲ್ಲುತ್ತದೆ, ಅಷ್ಟೇ. ಹೊರುವ ಮಿತಿ ಇದರಿಂದ ಹೆಚ್ಚುವುದಿಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ತೂಕವೇ ಕೊನೆಯ ಮಾತು.

ಗಾಳಿಯ ಮೇಲೆ ಗಾಡಿ ನಿಲ್ಲಿಸುವುದು ಹೊಸ ವಿದ್ಯೆಯಲ್ಲ. ಗ್ರೇಹೌಂಡ್ ಕಂಪನಿಯ ಹೆಸರಾಂತ ಸೀನಿಕ್ರೂಸರ್ ಬಸ್ಸು 1954ರಲ್ಲೇ ಗಾಳಿಯ ಸಸ್ಪೆನ್ಷನ್ ಮೇಲೆ ಊರೂರು ಸುತ್ತಿತು. 1957ರಲ್ಲಿ ಕ್ಯಾಡಿಲಾಕ್ ತನ್ನ ಎಲ್ಡೊರಾಡೊ ಬ್ರೌಮ್ ಕಾರಿಗೆ ಅದನ್ನು ಹಾಕಿತು. ಬಸ್ಸು ಗೆದ್ದಿತು, ಕಾರಿನಲ್ಲಿ ಗಾಳಿ ಸೋರಿ ಸೋರಿ ಎಷ್ಟೋ ಮಾಲೀಕರು ಬೇಸತ್ತು ಉಕ್ಕಿನ ಸ್ಪ್ರಿಂಗು ಹಾಕಿಸಿಕೊಂಡರು. ಬೆಂಗಳೂರಿನ ವಜ್ರ ಬಸ್ಸು ಹತ್ತಿದವರಿಗೂ ಈ ಗಾಳಿಯ ಪರಿಚಯವಿದೆ. ಕುಲುಕಿಲ್ಲದ ಆ ಓಟ, ಸ್ಟಾಪಿನಲ್ಲಿ ಉಸ್ಸೆಂದು ಒಂದು ಪಕ್ಕಕ್ಕೆ ತಗ್ಗುವ ಆ ವಿನಯ, ಎರಡೂ ರಬ್ಬರಿನ ಚೀಲಗಳ ಕೃಪೆ.

ಬಹಳ ಜನ ಚೀಲ ಹಾಕಿಸಿಕೊಂಡು, ಗಾಳಿ ತುಂಬುವ ವಾಲ್ವನ್ನು ನಂಬರ್ ಪ್ಲೇಟಿನ ಪಕ್ಕದಲ್ಲಿ ಬಿಟ್ಟು ಸುಮ್ಮನಾಗುತ್ತಾರೆ. ಒತ್ತಡ ನೋಡಬೇಕೆಂದರೆ ಹಿಮದಲ್ಲಿ ಕುಕ್ಕರಗಾಲಲ್ಲಿ ಕೂತು ಟೈರಿನ ಗೇಜು ಒತ್ತಬೇಕು. ಚೀಲ ಚಿಕ್ಕದು, ಒಳಗಿನ ಗಾಳಿಯೂ ಕಡಿಮೆ. ಅಳೆಯುವಾಗ ಪುಸಕ್ಕನೆ ಹೋಗುವ ಗಾಳಿಯಿಂದಲೇ ಅಳತೆ ಇಳಿದುಬಿಡುತ್ತದೆ. ಆದ್ದರಿಂದ ಕೊಳವೆಯನ್ನು ಡ್ಯಾಶ್‌ಬೋರ್ಡಿನವರೆಗೆ ಎಳೆದು ಗೇಜು ಕೂರಿಸಬೇಕೆಂಬುದು ನನ್ನ ಹಟ. ಗಾಡಿಯ ಕೆಳಗೆ ಸೆನ್ಸರ್ ಇಟ್ಟು ಒಳಕ್ಕೆ ವೈರು ಮಾತ್ರ ತರುವ ದಾರಿಯೂ ಇದೆ. ಅದೂ ಒಳ್ಳೆಯದೇ. ನನಗೆ ಮಾತ್ರ ಗಾಳಿಯೇ ಬಂದು ಮುಳ್ಳನ್ನು ತಿರುಗಿಸುವುದು ಇಷ್ಟ.

ಆ ಹಳೇ ಬಗೆಯ ಗೇಜಿನ ಒಡಲನ್ನು 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ದೊ ಪೇಟೆಂಟ್ ಮಾಡಿಸಿದ. ಒಳಗಿರುವುದು ಚಪ್ಪಟೆಯಾಗಿ ಬಾಗಿದ ಒಂದು ಲೋಹದ ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದಿದಾಗ ಬಿಚ್ಚಿಕೊಳ್ಳುವ ಸುರುಳಿ ಪೀಪಿಯ ಹಾಗೆ, ಒತ್ತಡ ಏರಿದಂತೆ ಅದು ನೆಟ್ಟಗಾಗಲು ನೋಡುತ್ತದೆ. ಆ ಕೂದಲೆಳೆಯ ಚಲನೆಯನ್ನು ಪುಟ್ಟ ಹಲ್ಲುಚಕ್ರ ಹಿಗ್ಗಿಸಿ ಮುಳ್ಳಿಗೆ ದಾಟಿಸುತ್ತದೆ. ಬ್ಯಾಟರಿ ಬೇಡ, ಬೇರೆ ಯಾರ ಅಪ್ಪಣೆಯೂ ಬೇಡ.

ಕೊಳವೆ ಎಳೆಯುವುದು ತಾಳ್ಮೆಯ ಕೆಲಸ. ಕಾಲಿಂಚು ದಪ್ಪದ ಪ್ಲಾಸ್ಟಿಕ್ ಟ್ಯೂಬದು. ಸೈಲೆನ್ಸರ್ ಕೊಳವೆಯಿಂದ ದೂರವಿರಬೇಕು, ಇಲ್ಲದಿದ್ದರೆ ಕರಗುತ್ತದೆ. ಆಕ್ಸಲ್ಲು ಮೇಲೆ ಕೆಳಗೆ ಆಡುವ ಕಡೆ ತುಸು ಸಡಿಲ ಬಿಡಬೇಕು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡನ್ನು ದಾಟುವಾಗ ತೂತಿನ ಅಂಚು ಟ್ಯೂಬನ್ನು ಕೊರೆಯದಂತೆ ರಬ್ಬರ್ ಬಳೆ ಇರಲೇಬೇಕು. ಎಲ್ಲಕ್ಕಿಂತ ಮುಖ್ಯ, ತುದಿ ಕತ್ತರಿಸುವ ಬಗೆ. ಕಟಿಂಗ್ ಪ್ಲೇಯರಿನಲ್ಲಿ ಚಿವುಟಿದರೆ ದುಂಡಗಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಫಿಟಿಂಗಿನೊಳಗಿನ ರಬ್ಬರ್ ರಿಂಗು ಅದನ್ನು ಪೂರ್ತಿ ತಬ್ಬಿಕೊಳ್ಳುವುದಿಲ್ಲ. ಹೊಸ ಬ್ಲೇಡಿನಿಂದ ಒಂದೇ ಸಲಕ್ಕೆ ನೇರ ಕೊಯ್ದು, ಕೊನೆ ಮುಟ್ಟುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಬೇಕು. ಆಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು. ಗುಳ್ಳೆ ಎದ್ದರೆ ಆ ಜಾಯಿಂಟು ಬಿಚ್ಚಿ ಮತ್ತೆ ಮಾಡಬೇಕು.

ಎರಡು ಚೀಲಗಳನ್ನು ಒಂದೇ ಕೊಳವೆಗೆ ಸೇರಿಸಿ ಒಂದೇ ಮುಳ್ಳಿನ ಗೇಜು ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲುತ್ತದೆ. ಚೀಲಗಳು ಜೊತೆಗೂಡಿದ್ದರೆ ಬಲಗಡೆಯ ಗಾಳಿ ಎಡಕ್ಕೆ ಓಡಿ, ಗಾಡಿ ಇನ್ನಷ್ಟು ವಾಲುತ್ತದೆ. ಆಸರೆ ಬೇಕಾದ ಕಡೆಯೇ ಆಸರೆ ತಪ್ಪುತ್ತದೆ. ಬೇರೆ ಬೇರೆ ಇದ್ದರೆ ಬಲಗಡೆಯ ಚೀಲ ತನ್ನ ಗಾಳಿ ಹಿಡಿದುಕೊಂಡು ಎದುರು ಒತ್ತುತ್ತದೆ. ಎರಡು ಮುಳ್ಳಿದ್ದರೆ ಕಾಯಿಲೆಯೂ ಗೊತ್ತಾಗುತ್ತದೆ. ಚಳಿಗಾಲದ ಬೆಳಗ್ಗೆ ಎರಡೂ ಒಟ್ಟಿಗೆ ತುಸು ಇಳಿದಿದ್ದರೆ ಬಹುಮಟ್ಟಿಗೆ ಅದು ಚಳಿಯ ಕೆಲಸ. ಒಂದೇ ಇಳಿದಿದ್ದರೆ ಆ ಕಡೆ ಸೋರಿಕೆ.

ಗಾಳಿಯ ಸಸ್ಪೆನ್ಷನ್ ಮೇಲೆ ಓಡುವ ಹೆದ್ದಾರಿಯ ದೊಡ್ಡ ಟ್ರಕ್ಕುಗಳ ಚಾಲಕರು ಈ ಗೇಜನ್ನೇ ತಕ್ಕಡಿ ಮಾಡಿಕೊಂಡಿದ್ದಾರೆ. ಜೋಡಿ ಆಕ್ಸಲ್ ಮೇಲೆ 34,000 ಪೌಂಡ್ ಮೀರಬಾರದೆಂಬುದು ಅಂತರರಾಜ್ಯ ಹೆದ್ದಾರಿಯ ಕಾನೂನು. ವೇಬ್ರಿಡ್ಜಿನಲ್ಲಿ ಒಮ್ಮೆ ತೂಗಿ, ಆ ತೂಕಕ್ಕೆ ಮುಳ್ಳು ಎಲ್ಲಿ ನಿಂತಿತೆಂದು ಗುರುತಿಟ್ಟುಕೊಂಡರೆ, ಮುಂದಿನ ಸಲ ಸರಕು ತುಂಬುವ ಕಟ್ಟೆಯಲ್ಲೇ ತೂಕದ ಅಂದಾಜು ಸಿಗುತ್ತದೆ.

ಹೊರೆ ಯಾವಾಗಲೂ ಬೆನ್ನ ಹಿಂದಿರುತ್ತದೆ, ಓಡಿಸುವವರ ಕಣ್ಣು ಮುಂದಿರುತ್ತದೆ. ಹಿಂದಿನದನ್ನು ಮುಂದಕ್ಕೆ ತಂದು ತೋರಿಸಲು ಒಂದು ತೆಳ್ಳನೆಯ ಟ್ಯೂಬು ಸಾಕು. ಏರ್ ಬ್ಯಾಗು ಹಾಕಿಸುವ ಯೋಚನೆಯಿದ್ದರೆ ದಯವಿಟ್ಟು ಗೇಜಿನ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಎರಡು ಕೊಳವೆಗಳನ್ನು ಬೇರೆ ಬೇರೆಯಾಗಿಯೇ ಎಳೆಯಿರಿ, ಮತ್ತು ಗಾಡಿ ಖಾಲಿಯಿದ್ದರೂ ಎರಡೂ ಮುಳ್ಳುಗಳು 5ರ ಮೇಲಿವೆಯೇ ಎಂದು ನೋಡಿಕೊಂಡೇ ಹೊರಡಿ.